ವೈದ್ಯಕೀಯ ಕಾರಣ ಅಂದರೆ ನಾನು

ನಮ್ಮ ಫುಟ್‌ಬಾಲ್ ಕ್ಲಬ್ಬಿನವರು ಮೊನ್ನೆ ತಮ್ಮ ಇತಿಹಾಸದ ಪುಸ್ತಕ ಹೊರತಂದಿದ್ದಾರೆ. ನುಣುಪು ಕಾಗದ, ಬಣ್ಣದ ಫೋಟೋ, ಸ್ಥಾಪಕರ ಗುಣಗಾನ, ಎಲ್ಲ ಇದೆ. ನಾನು ಅವರೊಂದಿಗಿದ್ದ ಕೊನೆಯ ವರ್ಷದ ಫೈನಲ್ ಬಗ್ಗೆ ಮಾತ್ರ ಒಂದೇ ಸಾಲು: ವೈದ್ಯಕೀಯ ಕಾರಣದಿಂದ ಮುಖ್ಯ ಆಟಗಾರನೊಬ್ಬ ಹೊರಗುಳಿಯಬೇಕಾಗಿ ಬಂದು ಕಪ್ ಕೈತಪ್ಪಿತು. ಆ ವೈದ್ಯಕೀಯ ಕಾರಣ ಅಂದರೆ ನಾನು. ಹೆಸರು ವತ್ಸಲಾ, ಊರು ಮೈಸೂರು, ಇರುವುದು ಸಿಂಗಪುರ, ಮಾಡಿದ ಕೆಲಸ ಫಿಸಿಯೋಥೆರಪಿ. ಈಗ ನಿವೃತ್ತಳಾಗಿದ್ದೇನೆ, ಬಾಯಿ ಮಾತ್ರ ನಿವೃತ್ತವಾಗಿಲ್ಲ.

ಊರಿನಿಂದ ಹೊಸದಾಗಿ ಬರುವ ಹುಡುಗಿಯರು, ಹುಡುಗರು ನನ್ನನ್ನು ಹುಡುಕಿಕೊಂಡು ಬಂದು, "ಆಂಟಿ, ಸ್ಪೋರ್ಟ್ಸ್ ಫಿಸಿಯೋ ಆಗ್ಬೇಕು, ಗೈಡ್ ಮಾಡಿ" ಎನ್ನುತ್ತಾರೆ. ಅವರ ತಲೆಯಲ್ಲಿ ಟೀವಿಯಲ್ಲಿ ಕಾಣುವ ಕ್ರಿಕೆಟ್ ತಂಡ ಇರುತ್ತದೆ, ಗಾಯಗೊಂಡ ನಾಯಕನ ಹೆಗಲ ಮೇಲೆ ಕೈಯಿಟ್ಟು ನಡೆಯುವ ಫಿಸಿಯೋ ಇರುತ್ತಾನೆ. ಈ ಕೆಲಸದಲ್ಲಿ ಮುಖ್ಯವಾದ ಭಾಗ ಯಾವ ಪಠ್ಯದಲ್ಲೂ ಇಲ್ಲ. ನೀವು 'ಬೇಡ' ಅನ್ನಬೇಕಾದಾಗ ಸುತ್ತ ನಿಂತವರೆಲ್ಲ 'ಬೇಕು' ಅನ್ನುತ್ತಿರುತ್ತಾರೆ. ಅದನ್ನೇ ಹೇಳಲು ಕೂತಿದ್ದೇನೆ.

ಕಾಕಿ ಬುಕಿತ್‌ನ ಗೋದಾಮುಗಳ ನಡುವೆ ನಮ್ಮ ಕ್ಲಿನಿಕ್ಕು. ಪೆಟ್ಟಿಗೆ ಎತ್ತಿ ಸೊಂಟ ಹಿಡಿಸಿಕೊಂಡವರು, ಟ್ರಾಲಿ ತಳ್ಳಿ ಭುಜ ಕಳೆದುಕೊಂಡವರು ನಮ್ಮ ರೋಗಿಗಳು. ಒಡತಿ ಮಿಸೆಸ್ ಗೋ, ನನಗಿಂತ ಗಿಡ್ಡ, ನನಗಿಂತ ಜೋರು. ಎರಡು ಸಾವಿರದ ಹತ್ತರ ದಶಕ ಆಗಷ್ಟೇ ಶುರುವಾಗಿತ್ತು. ಒಂದು ದಿನ ಅವರು ಬಾಗಿಲಲ್ಲೇ ನಿಂತು, "ವತ್ಸಲಾ, ಶನಿವಾರ ಫ್ರೀ ಇದೀಯಾ? ಆಸ್ಟ್ರೇಲಿಯಾದವರ ಫುಟ್‌ಬಾಲ್, ಒಬ್ಬ ಫಿಸಿಯೋ ಬೇಕಂತೆ. ಸಿಂಪಲ್ ಲಾ" ಎಂದರು. ಇಂಗ್ಲಿಷಿನಲ್ಲಿ ಹೇಳಿದ್ದು, ನಾನು ಕನ್ನಡ ಮಾಡಿದ್ದೇನೆ. ಆ 'ಲಾ' ಮಾತ್ರ ಯಾವ ಭಾಷೆಗೂ ಆಗುವುದಿಲ್ಲ, ಹಾಗೇ ಬಿಟ್ಟಿದ್ದೇನೆ.

ಫುಟ್‌ಬಾಲ್ ಅಂದರೆ ಫುಟ್‌ಬಾಲ್ ಅಂದುಕೊಂಡು ಹೋದೆ. ಅಲ್ಲಿ ನೋಡಿದರೆ ಚೆಂಡು ಮೊಟ್ಟೆಯ ಆಕಾರ, ಸುಣ್ಣದಲ್ಲಿ ಗೆರೆ ಎಳೆದ ಮೈದಾನವೂ ಮೊಟ್ಟೆಯ ಆಕಾರ. ಚೆಂಡನ್ನು ಒದೆಯುತ್ತಾರೆ, ಮುಷ್ಟಿಯಲ್ಲಿ ಗುದ್ದುತ್ತಾರೆ, ಎದುರಾಳಿಯ ಹೆಗಲೇರಿ ಗಾಳಿಯಲ್ಲೇ ಹಿಡಿಯುತ್ತಾರೆ. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬದ ಮಧ್ಯೆ ಒದ್ದರೆ ಗೋಲು, ಆರು ಪಾಯಿಂಟು. ಪಕ್ಕದ ಸಂದಿಯಲ್ಲಿ ಹೋದರೆ ಒಂದು ಪಾಯಿಂಟು, 'ಪಾಪ, ಪ್ರಯತ್ನಪಟ್ಟೆಯಲ್ಲ' ಅಂತ ಕೊಡುವ ಸಮಾಧಾನದ ಬಹುಮಾನ. ಆಟಕ್ಕೆ ನಾಲ್ಕು ಪಾಲು, ಕ್ವಾರ್ಟರ್ ಅನ್ನುತ್ತಾರೆ. ಕ್ಲಬ್ಬಿಗೆ ಸ್ವಂತ ಮೈದಾನವಿರಲಿಲ್ಲ. ಎಲ್ಲಿ ಜಾಗ ಸಿಕ್ಕರೆ ಅಲ್ಲಿಗೆ ಆ ಕಂಬಗಳನ್ನು ಲಾರಿಯಲ್ಲಿ ಹಾಕಿಕೊಂಡು ಹೋಗುವುದು, ಹೂಳುವುದು, ಆಡುವುದು, ಕೀಳುವುದು. ಜಾತ್ರೆಯ ಅಂಗಡಿಯವರ ಪಾಡೇ.

ಕ್ಲಬ್ಬಿನ ಲಾಂಛನ ಉಡ. ಅದು ಛಲದ ಸಂಕೇತವೆಂದು ಪುಸ್ತಕದಲ್ಲಿ ದೊಡ್ಡದಾಗಿ ಬರೆದಿದ್ದಾರೆ. ಮೊದಲಿನಿಂದ ಇದ್ದವರು ನನಗೆ ಹೇಳಿದ್ದು ಬೇರೆ. ಮೊದಲ ಪಂದ್ಯದ ದಿನ ಮೋರಿಯಿಂದ ಭಾರೀ ಉಡವೊಂದು ಎದ್ದು ಬಂದು ಗೋಲಿನ ಬಾಯಲ್ಲಿ ಬಿಸಿಲು ಕಾಯುತ್ತ ಮಲಗಿತಂತೆ. ಆರಡಿ ಎತ್ತರದ ಅಷ್ಟೂ ಗಂಡಸರು ಅದು ತಾನಾಗಿ ಎದ್ದುಹೋಗುವ ತನಕ ದೂರ ನಿಂತು ಕಾದರಂತೆ. ಇತಿಹಾಸ ಬರೆಯುವವರು ಇಂಥದ್ದನ್ನೆಲ್ಲ ಬಿಟ್ಟುಬಿಡುತ್ತಾರೆ.

ಮೊದಲ ಶನಿವಾರವೇ ನನ್ನ ಮಾನ ಹೋಯಿತು. ನಮ್ಮೂರಿನ ಹಾಕಿಯಲ್ಲಾಗಲಿ ಕಬಡ್ಡಿಯಲ್ಲಾಗಲಿ ಅಂಪೈರು ಕರೆಯದೆ ಹೊರಗಿನವರು ಗೆರೆ ದಾಟುವ ಹಾಗಿಲ್ಲ. ಒಬ್ಬ ಕಾಲು ಹಿಡಿದು ಬಿದ್ದ. ನಾನು ಚೀಲ ಹಿಡಿದು ಗೆರೆಯ ಹತ್ತಿರ ನೆಟ್ಟಗೆ ನಿಂತೆ, ಸೀಟಿ ಊದಲಿ ಅಂತ. ಊದಲಿಲ್ಲ. ಕೋಚು ಆ ಕಡೆಯಿಂದ ಕೈ ಬೀಸಿ ಬೀಸಿ ಕೂಗುತ್ತಿದ್ದ. ನಮಸ್ಕಾರ ಅನ್ನುತ್ತಿದ್ದಾನೇನೋ ಅಂದುಕೊಂಡು ನಾನೂ ಕೈಯಾಡಿಸಿದೆ. ಆಮೇಲೆ ತಿಳಿಯಿತು, ಈ ಆಟದಲ್ಲಿ ಯಾರು ಬಿದ್ದರೂ ಆಟ ನಿಲ್ಲುವುದಿಲ್ಲ, ಫಿಸಿಯೋ ಆದವಳು ಯಾರ ಅಪ್ಪಣೆಗೂ ಕಾಯದೆ ನಡುವೆ ನುಗ್ಗಬೇಕು. ನುಗ್ಗಿದೆ. ಅಷ್ಟರಲ್ಲಿ ಚೆಂಡು ಗುಂಡಿನ ಹಾಗೆ ನನ್ನತ್ತಲೇ ಬಂತು. ಹೆದರಿಕೆಗೆ ಚೀಲ ಬಿಸಾಕಿ ಎರಡೂ ಕೈಯಲ್ಲಿ ಹಿಡಿದುಬಿಟ್ಟೆ! ಮೈದಾನವೆಲ್ಲ ಹೋ ಅಂದಿತು. ಅಂಪೈರು ಬಂದು ಮೆಲ್ಲಗೆ, "ಅದನ್ನ ನಮಗೆ ಕೊಡ್ತೀರಾ ಮೇಡಂ?" ಎಂದ. ಆವತ್ತಿನಿಂದ ನಾನು ಅವರಿಗೆ 'ವಾಟ್ಸಿ' ಆದೆ.

ಕೆಲಸದ ಮಾತಿಗೆ ಬರುತ್ತೇನೆ. ಪಾದದ ಕೀಲಿಗೆ ಟೇಪು ಸುತ್ತುವುದು ನಮ್ಮ ಅಆಇಈ. ಈ ಊರಿನ ಸೆಕೆಯಲ್ಲಿ ಅದು ಎರಡನೇ ಕ್ವಾರ್ಟರಿಗೆ ಹಾವಿನ ಪೊರೆಯ ಹಾಗೆ ಕಳಚಿ ಬೂಟಿನಿಂದ ಹೊರಗೆ ನೇತಾಡುತ್ತಿತ್ತು. ದುಬಾರಿ ಸ್ಪ್ರೇ ತರಿಸಿದರು, ಉಪಯೋಗವಾಗಲಿಲ್ಲ. ಮೈಸೂರಿನ ಆಸ್ಪತ್ರೆಯಲ್ಲಿ ಕಲಿಯುವಾಗ ವಾರ್ಡಿನ ಸಿಸ್ಟರ್ ಪಟ್ಟಿ ಅಂಟಿಸುವ ಮೊದಲು ಟಿಂಚರ್ ಬೆಂಜೋಯಿನ್ ಸವರುತ್ತಿದ್ದರು. ಅದೇನು ಬ್ರಹ್ಮವಿದ್ಯೆಯಲ್ಲ, ನಮ್ಮ ಸಾಂಬ್ರಾಣಿಯನ್ನೇ ಸ್ಪಿರಿಟ್ಟಿನಲ್ಲಿ ಕರಗಿಸಿದ್ದು. ತರಿಸಿ ಸವರಿದೆ. ಆಟ ಮುಗಿದ ಮೇಲೂ ಟೇಪು ಬಿಡಿಸಲು ಕತ್ತರಿ ಬೇಕಾಯಿತು. ಅಂದಿನಿಂದ ಆ ಬೆವರಿನ ಕೋಣೆ ಎಳೆ ಮಗುವಿಗೆ ಎಣ್ಣೆನೀರು ಹಾಕಿದ ಮನೆಯ ಹಾಗೆ ಘಮ್ಮೆನ್ನುತ್ತಿತ್ತು.

ಇನ್ನೊಂದು ಸಿಡಿಲಿನ ಸೈರನ್ನು. ಇಲ್ಲಿ ಮೋಡ ಗುಡುಗಿದರೆ ಮೈದಾನದಲ್ಲಿ ಸೈರನ್ ಕೂಗುತ್ತದೆ, ಎಲ್ಲರೂ ಆಟ ಬಿಟ್ಟು ಸೂರಿನಡಿಗೆ ಓಡಬೇಕು. ನಾವು ಎದುರಿನ ಬ್ಲಾಕಿನ ವಾಯ್ಡ್ ಡೆಕ್ಕಿಗೆ, ಅಂದರೆ ಕಟ್ಟಡದ ಕೆಳಗಿನ ಖಾಲಿ ಜಾಗಕ್ಕೆ ಹೋಗಿ ನಿಲ್ಲುತ್ತಿದ್ದೆವು. ಕಾದು ಕಾದು ಮೈ ತಣ್ಣಗಾಗಿ ಮತ್ತೆ ಓಡಿದೊಡನೆ ತೊಡೆಯ ಸ್ನಾಯು ಹರಿಯುತ್ತಿತ್ತು. ಜಾಗಿಂಗ್ ಮಾಡಿ ಅಂದರೆ ನಗುತ್ತಿದ್ದರು. ಕೊನೆಗೆ ನನ್ನ ಪ್ರೈಮರಿ ಶಾಲೆಯ ಮೇಷ್ಟರನ್ನು ನೆನೆದು ಕಿವಿ ಹಿಡಿಸಿ ಬಸ್ಕಿ ಹೊಡೆಸಿದೆ. ಬ್ಯಾಂಕಿನ ಮ್ಯಾನೇಜರು, ಹಡಗಿನ ವಿಮೆಯವರು, ಎಲ್ಲ ಸಾಲಾಗಿ ಕಿವಿ ಹಿಡಿದು ಎದ್ದು ಕೂತು ಎದ್ದು ಕೂತು. ಮಾಹ್‌ಜಾಂಗ್ ಆಡುತ್ತಿದ್ದ ಅಜ್ಜಿಯರು ಆಟ ನಿಲ್ಲಿಸಿ ನೋಡಿದರು. ಸ್ನಾಯು ಹರಿಯುವುದು ಕಡಿಮೆಯಾಯಿತು. ಪುಸ್ತಕದಲ್ಲಿ ಇದರ ಫೋಟೋ ಇದೆ, 'ತಂಡದ ವಿಶಿಷ್ಟ ವ್ಯಾಯಾಮ' ಅಂತ ಬರೆದಿದ್ದಾರೆ. ಯಾರು ಕಲಿಸಿದ್ದು ಅಂತ ಬರೆಯಲು ಜಾಗ ಸಾಲಲಿಲ್ಲವೇನೋ.

ಈಗ ತಲೆಯ ವಿಷಯ.

ನಮ್ಮ ಕೋಚು ಗ್ರೆಗ್. ಆಜಾನುಬಾಹು, ಮುರಿದು ಕೂಡಿದ ಮೂಗು. ಯೌವನದಲ್ಲಿ ತನ್ನೂರಿನಲ್ಲಿ ಹೆಸರು ಮಾಡಿದ ಆಟಗಾರ. ಕೆಟ್ಟವನಲ್ಲ. ನನ್ನ ಯಜಮಾನರಿಗೆ ಡೆಂಗ್ಯೂ ಆದಾಗ ಆಸ್ಪತ್ರೆಗೆ ಮೊದಲು ಬಂದವನು ಅವನೇ. ಆದರೆ ಅವನ ಕಾಲದಲ್ಲಿ ತಲೆಗೆ ಪೆಟ್ಟು ಬಿದ್ದರೆ ಘಾಟು ಉಪ್ಪು ಮೂಸಿಸಿ, 'ಎಷ್ಟು ಬೆರಳು?' ಅಂತ ಕೇಳಿ, ಬೆನ್ನು ತಟ್ಟಿ ಒಳಗೆ ಕಳಿಸುತ್ತಿದ್ದರು. ನಾನು ಸೇರಿದ ಹೊತ್ತಿಗೆ ಪದ್ಧತಿ ಬದಲಾಗಿತ್ತು. ತಲೆ ಅಲುಗಿದೆ ಅನ್ನುವ ಸಂಶಯ ಬಂದರೂ ಸಾಕು, ಆವತ್ತು ಅವನ ಆಟ ಮುಗಿಯಿತು. ಪದ್ಧತಿ ಕಾಗದದಲ್ಲಿ ಬದಲಾದಷ್ಟು ಬೇಗ ಗ್ರೆಗ್ಗನ ತಲೆಯಲ್ಲಿ ಬದಲಾಗಲಿಲ್ಲ.

ಬಾಯಿಮಾತಿಗೆ ಬೆಲೆಯಿಲ್ಲ ಅಂತ ನನಗೆ ಬೇಗ ತಿಳಿಯಿತು. ಒಬ್ಬನನ್ನು ಕೂರಿಸಿ, ಏಳಬೇಡ ಅಂತ ಹೇಳಿ, ಇನ್ನೊಬ್ಬನ ಮೊಣಕಾಲು ನೋಡಲು ತಿರುಗಿದರೆ ಮೊದಲಿನವನು ಮೈದಾನದ ನಡುವೆ ಓಡುತ್ತಿದ್ದ. ಅದಕ್ಕೆ ಒಂದು ಉಪಾಯ ಮಾಡಿದೆ. ಯಾರನ್ನು ಹೊರಗೆ ಕೂರಿಸುತ್ತೇನೋ ಅವನ ಎಡಗಾಲಿನ ಬೂಟು ಬಿಚ್ಚಿ ನನ್ನ ಚೀಲಕ್ಕೆ ಹಾಕಿ ಜಿಪ್ಪಿಗೆ ಪುಟ್ಟ ಬೀಗ ಜಡಿಯುವುದು. ಮಾತು ಮೀರಬಹುದು, ಒಂಟಿ ಬೂಟಿನಲ್ಲಿ ಆಡಲಾಗುತ್ತದೆಯೇ? ಮೊದಲು ನಕ್ಕರು, ಬೈದರು, ಆಮೇಲೆ ಒಗ್ಗಿಕೊಂಡರು. 'ವಾಟ್ಸಿ ಬೂಟು ತಗೊಂಡ್ಲು' ಅಂದರೆ ವಾದ ಮುಗಿಯಿತು ಅಂತ ಅರ್ಥವಾಗಿತ್ತು. ಆದರೆ ಆವರೆಗೆ ನಾನು ಬೂಟು ಕಿತ್ತದ್ದೆಲ್ಲ ಮಾಮೂಲಿ ಪಂದ್ಯಗಳಲ್ಲಿ, ಮಾಮೂಲಿ ಆಟಗಾರರದು.

ಪ್ರಜ್ವಲ್ ಬಂದದ್ದು ಸಾಂಬ್ರಾಣಿಯ ವಾಸನೆ ಹಿಡಿದುಕೊಂಡು. ಕೋಣೆಯ ಬಾಗಿಲಲ್ಲಿ ನಿಂತು ತನ್ನಷ್ಟಕ್ಕೆ, "ಇದೇನ್ ಗುರೂ, ನಮ್ಮಜ್ಜಿ ಮನೆ ವಾಸನೆ!" ಎಂದ.

"ಅಜ್ಜಿ ಇಲ್ಲೇ ಕೂತಿದಾಳೆ, ಕಾಲು ಚಾಚು" ಎಂದೆ.

ಹುಡುಗ ಬೆಚ್ಚಿಬಿದ್ದು, ಆಮೇಲೆ ಬಿದ್ದು ಬಿದ್ದು ನಕ್ಕ. ಮೈಸೂರಿನ ಕುವೆಂಪುನಗರದವನು. ಮೆಲ್ಬರ್ನಿನಲ್ಲಿ ಓದುವಾಗ ಈ ಆಟ ಹಚ್ಚಿಕೊಂಡಿದ್ದ. ಈಗ ಸೆಲೆಟಾರ್‌ನಲ್ಲಿ ವಿಮಾನದ ಎಂಜಿನ್ ರಿಪೇರಿ ಮಾಡುವ ಕಂಪನಿಯಲ್ಲಿ ಎಂಜಿನಿಯರ್. ಸಣಕಲ, ಆದರೆ ನೆಗೆದರೆ ಆರಡಿಯವರ ತಲೆ ಮೇಲಿಂದ ಚೆಂಡು ಕಿತ್ತು ತರುತ್ತಿದ್ದ. ಗ್ರೆಗ್ ಅವನನ್ನು 'ಪ್ರಜ್ಜಿ' ಎಂದು ಕರೆದು ಗೋಲಿನ ಮುಂದೆ ನಿಲ್ಲಿಸಿದ. ಶನಿವಾರ ಆಟ ಮುಗಿದ ಮೇಲೆ ನಮ್ಮ ಮನೆಗೆ ಬಂದು ಬಿಸಿಬೇಳೆಬಾತು ಮೂರು ಸಲ ಹಾಕಿಸಿಕೊಂಡು, "ಆಂಟಿ, ನಿಮ್ಮ ಕೈಗೆ ಗೋಲ್ಡ್ ಮೆಡಲ್ ಕೊಡ್ಬೇಕು" ಅನ್ನುತ್ತಿದ್ದ. ಮಗನ ಹಾಗೇ ಆಗಿಬಿಟ್ಟಿದ್ದ.

ಆ ವರ್ಷ ಕ್ಲಬ್ಬು ಮೊಟ್ಟಮೊದಲ ಸಲ ಫೈನಲ್ ತಲುಪಿತು. ತಲುಪಿಸಿದವನು ಪ್ರಜ್ವಲ್. ಅವನ ಅಪ್ಪ, ಅಮ್ಮ ಲಲಿತಾ ಇಬ್ಬರೂ ಮೈಸೂರಿನಿಂದ ಬಂದರು. ಆಟದ ತಲೆಬುಡ ಗೊತ್ತಿಲ್ಲದಿದ್ದರೂ ಗೆರೆಯ ಪಕ್ಕ ಕೊಡೆ ಹಿಡಿದು ಕೂತು, ಮಗನ ಕೈಗೆ ಚೆಂಡು ಬಂದಾಗಲೆಲ್ಲ ಚಪ್ಪಾಳೆ ತಟ್ಟುತ್ತಿದ್ದರು.

ಮೂರನೇ ಕ್ವಾರ್ಟರಿನಲ್ಲಿ ಅವನು ತನ್ನ ಮೂರನೇ ಗೋಲು ಹೊಡೆದ. ಓಡುತ್ತ ಓಡುತ್ತ, ಮೈ ಪೂರ್ತಿ ಆಚೆಗೆ ವಾಲಿದ್ದಾಗ, ಗೆರೆಯಂಚಿನಿಂದ ಒದ್ದದ್ದು. ಚೆಂಡು ಗಾಳಿಯಲ್ಲೇ ಬಾಗಿ ನಡುಗಂಬಗಳ ಮಧ್ಯೆ ನುಗ್ಗಿತು. ಕ್ಲಬ್ಬಿನೊಂದಿಗೆ ಇದ್ದಷ್ಟು ದಿನದಲ್ಲಿ ಅಂಥ ಗೋಲನ್ನು ನಾನು ನೋಡಿರಲಿಲ್ಲ. ಅದಾದ ಸ್ವಲ್ಪ ಹೊತ್ತಿಗೇ ಮತ್ತೆ ಚೆಂಡಿಗೆ ನೆಗೆದ. ಹಿಂದಿನಿಂದ ನೆಗೆದವನ ಮೊಣಕಾಲು ಅವನ ಕಿವಿಯ ಮೇಲ್ಗಡೆಗೆ ಬಡಿಯಿತು. ಬಿದ್ದ. ನಾನು ಹೊರಡುವಷ್ಟರಲ್ಲಿ ತಾನೇ ಎದ್ದ. ಜನ ಚಪ್ಪಾಳೆ ಹೊಡೆದರು. ಅವನು ಧೂಳು ಕೊಡವಿಕೊಂಡು ಹೋಗಿ ಎದುರು ತಂಡದ ಹುಡುಗರ ಸಾಲಿನಲ್ಲಿ, ನಮ್ಮ ಗೋಲಿಗೇ ಮುಖ ಮಾಡಿ ನಿಂತುಕೊಂಡ.

ಓಡಿದೆ. ತೋಳು ಹಿಡಿದು ಹೊರಗೆ ಕರೆತಂದು ಕೂರಿಸಿ ಕೇಳಿದೆ. ಯಾವ ಮೈದಾನ ಅಂದರೆ ಸರಿಯಾಗಿ ಹೇಳಿದ. ಯಾವ ಕ್ವಾರ್ಟರ್ ಅಂದರೆ ಎರಡನೆಯದು ಅಂದ. ಬಗ್ಗಿ ಎಡಗಾಲಿನ ಬೂಟಿನ ಲಾಡಿ ಬಿಚ್ಚಿದೆ. ಅವನು ಸುಮ್ಮನೆ ನೋಡುತ್ತಿದ್ದ. ಬೂಟು ಚೀಲಕ್ಕೆ ಹೋಗಿ ಬೀಗ ಬಿದ್ದ ಮೇಲೆ ಎಚ್ಚರವಾದವನ ಹಾಗೆ ತಿರುಗಿದ.

"ಆಂಟಿ, ಬೂಟ್ ಕೊಡಿ."

"ಕೊಡಲ್ಲ."

"ಐಯಾಮ್ ಫೈನ್ ಆಂಟಿ. ಇದು ಮೂರನೇ ಕ್ವಾರ್ಟರ್, ಗೊತ್ತು ನಂಗೆ, ಕನ್ಫ್ಯೂಸ್ ಆಯ್ತಷ್ಟೆ."

"ಸ್ಕೋರ್‌ಬೋರ್ಡ್ ನೋಡ್ಕೊಂಡು ಹೇಳ್ತಿದೀಯ."

"ಅಪ್ಪ ಅಮ್ಮ ಮೈಸೂರಿಂದ ಬಂದಿದಾರೆ, ಇದನ್ನ ನೋಡಕ್ಕೇ ಬಂದಿರೋದು. ಪ್ಲೀಸ್ ಆಂಟಿ, ಕಾಲಿಗ್ ಬೀಳ್ತೀನಿ."

"ಅವರು ಮಗನ್ನ ನೋಡಕ್ಕೆ ಬಂದಿರೋದು. ಕೂತಿದೀಯಲ್ಲ, ನೋಡ್ಲಿ."

"ತಲೆ ನಂದು! ನಿಮಗೇನ್ ಗೊತ್ತು ಒಳಗೆ ಏನಾಗ್ತಿದೆ ಅಂತ?"

"ತಲೆ ನಿಂದೇ ಕಣೋ. ಅದಕ್ಕೇ ನಿನ್ನೇ ಕೇಳ್ತೀನಿ. ಕಡೇ ಗೋಲ್ ಹೊಡೆದೋರು ಯಾರು?"

ಯೋಚಿಸಿದ. ಬೋರ್ಡು ನೋಡಿದ. ಬೋರ್ಡಿನಲ್ಲಿ ಹೆಸರಿರುವುದಿಲ್ಲ. "ಅವರು ಹೊಡೆದ್ರು" ಎಂದ.

"ನೀನು ಹೊಡೆದಿದ್ದು, ಮರಿ."

ಅವನ ಮುಖ ಒಂದು ಕ್ಷಣ ಬಿಳಿಚಿಕೊಂಡಿತು. ಆಮೇಲೆ ಸಿಟ್ಟು ಬಂತು. ಸಿಟ್ಟು ಬರುವುದೂ ಈ ಪೆಟ್ಟಿನ ಒಂದು ಲಕ್ಷಣ, ಫೈನಲ್ ತಪ್ಪುವುದರ ಲಕ್ಷಣವೂ ಹೌದು. ಯಾವುದು ಯಾವುದೆಂದು ಬಿಡಿಸುವ ಹಾಗಿರಲಿಲ್ಲ.

ಕ್ವಾರ್ಟರ್ ಮುಗಿದಾಗ ನಾವು ನಾಲ್ಕು ಪಾಯಿಂಟು ಹಿಂದೆ. ಒಂದು ಗೋಲು ಬಿದ್ದರೆ ಗೆದ್ದಂತೆ. ಗ್ರೆಗ್ ದಾಪುಗಾಲು ಹಾಕಿಕೊಂಡು ಬಂದ. ಹುಡುಗ ನಡೆಯುತ್ತಿದ್ದಾನೆ, ಮಾತಾಡುತ್ತಿದ್ದಾನೆ, ಇನ್ನೇನು ಬೇಕು ಎಂದ. ಆಗದು ಎಂದೆ. ನಾನು ಇದಕ್ಕಿಂತ ಜೋರು ಪೆಟ್ಟು ತಿಂದು ಆಡಿದ್ದೇನೆ ಎಂದ. ಅದು ನೋಡಿದರೇ ಗೊತ್ತಾಗುತ್ತದೆ ಎಂದೆ. ಅವನ ಕುತ್ತಿಗೆ ಕೆಂಪಗಾಯಿತು. "ನೀನು ಯಾರ ಪರ, ವಾಟ್ಸಿ?" ಎಂದು ಗುಡುಗಿದ.

"ಅವನ ತಲೆ ಪರ."

ಅಷ್ಟರಲ್ಲಿ ಪ್ರಜ್ವಲ್ ಬೆಂಚಿನವನೊಬ್ಬನ ಬೂಟಿಗೆ ಕಾಲು ತುರುಕಲು ಹೋಗಿ, ಹಿಡಿಸದೆ, ಕುಂಟಿಕೊಂಡು ನನ್ನ ಚೀಲಕ್ಕೇ ಕೈ ಹಾಕಿದ. ನನಗೂ ಐವತ್ತು ದಾಟಿತ್ತು, ಎಳೆದಾಡುವ ಶಕ್ತಿ ಇರಲಿಲ್ಲ. ಚೀಲವನ್ನು ನೆಲಕ್ಕೆ ಹಾಕಿ ಅದರ ಮೇಲೆ ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟೆ. ಎತ್ತುವವರು ನನ್ನನ್ನೂ ಸೇರಿಸಿ ಎತ್ತಲಿ ಎಂದೆ. ಬಿಯರು ಹಿಡಿದು ನಿಂತಿದ್ದ ಗುಂಪು ಊಳಿಟ್ಟಿತು. ನಾಚಿಕೆಯಾಗಲಿಲ್ಲವೇ ಅಂತ ಆಮೇಲೆ ಎಷ್ಟೋ ಜನ ಕೇಳಿದರು. ಇಲ್ಲ. ಭಯವಾಗಿತ್ತು. ಇವನನ್ನು ಬಿಟ್ಟು, ಇವನಿಗೆ ಇನ್ನೊಂದು ಪೆಟ್ಟು ಬಿದ್ದು, ಕೊಡೆಯ ಕೆಳಗೆ ಕೂತ ಆ ತಾಯಿಯ ಹತ್ತಿರ ನಾನು ನಡೆದು ಹೋಗಬೇಕಾಗಿ ಬಂದರೆ ಅನ್ನುವ ಭಯ.

ಕೊನೆಯ ಕ್ವಾರ್ಟರ್ ಪೂರ್ತಿ ಅವನು ನನ್ನ ಪಕ್ಕದಲ್ಲೇ, ಒಂದು ಕಾಲಿಗೆ ಬೂಟು ಒಂದು ಕಾಲಿಗೆ ಕಾಲುಚೀಲ, ಕೂತು ನೋಡಿದ. ಅವನ ಜಾಗದಲ್ಲಿ ನಿಂತವನು ಕಟ್ಟಕಡೆಗೆ ಒದ್ದ ಚೆಂಡು ಕಂಬಕ್ಕೆ ತಾಗಿತು. ಕಂಬಕ್ಕೆ ತಾಗಿದರೆ ಒಂದೇ ಪಾಯಿಂಟು. ಮೂರು ಪಾಯಿಂಟಿನಲ್ಲಿ ಸೋತೆವು.

ನಾನೇ ಟ್ಯಾಕ್ಸಿ ಹಿಡಿದು ಅವನನ್ನೂ ಅವನ ಅಪ್ಪ ಅಮ್ಮನನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸ್ಕ್ಯಾನ್ ಮಾಡಿದರು. ಏನೂ ಇರಲಿಲ್ಲ.

ಇಲ್ಲಿ ನಿಲ್ಲಿ, ಇದನ್ನು ಓದುತ್ತಿರುವ ಮಕ್ಕಳೇ. ಸ್ಕ್ಯಾನಿನಲ್ಲಿ ರಕ್ತ ಕಂಡಿತು, ಎಲ್ಲರೂ ನನ್ನ ಕೈ ಹಿಡಿದು ಅತ್ತರು ಅಂತ ಕಾಯುತ್ತಿದ್ದಿರಾ? ಅಂಥದ್ದೇನೂ ನಡೆಯಲಿಲ್ಲ. ಡ್ಯೂಟಿ ಡಾಕ್ಟರು, ವಿಶ್ರಾಂತಿ ತಗೊಳ್ಳಿ ಎಂದು ಹೇಳಿ ಪರದೆ ಎಳೆದು ಹೋದರು. ಲಲಿತಾ ಕಾರಿಡಾರಿನಲ್ಲಿ ನನ್ನ ಹತ್ತಿರ ಬಂದರು. ಕಣ್ಣು ಕೆಂಪಾಗಿತ್ತು.

"ಏನೂ ಆಗಿಲ್ವಂತಲ್ಲ ವತ್ಸಲಾ ಅವರೇ. ಹಾಗಿದ್ರೆ ಆಡಿಸ್ಬಹುದಿತ್ತು ಅಲ್ವಾ? ಅವನ ಮುಖ ನೋಡಕ್ಕಾಗ್ತಿಲ್ಲ ನಂಗೆ."

"ಏನೂ ಆಗಿಲ್ಲ ಅನ್ನೋದು ಒಳ್ಳೇ ಸುದ್ದಿ ಅಲ್ವಾ ಲಲಿತಾ ಅವರೇ?"

"ಅದು ಸರಿ, ಆದ್ರೂ…" ಎಂದರು. ಆ 'ಆದ್ರೂ' ಇದೆಯಲ್ಲ, ಅದನ್ನು ಹೊತ್ತುಕೊಂಡೇ ನೀವು ಈ ಕೆಲಸ ಮಾಡಬೇಕು. ರಕ್ತ ಸೋರಿದ್ದರೆ ಸ್ಕ್ಯಾನಿಗೆ ಕಾಣುತ್ತದೆ, ಮೆದುಳು ಅಲುಗಾಡಿದ್ದು ಕಾಣುವುದಿಲ್ಲ. ಅಲುಗಾಡಿದ ಮೆದುಳಿಗೆ ಅದೇ ದಿನ ಇನ್ನೊಂದು ಪೆಟ್ಟು ಬಿದ್ದರೆ ಆಗುವ ಅನಾಹುತ ಬೇರೆಯೇ. ನೀವು ಅದನ್ನು ತಪ್ಪಿಸಿದಿರೋ ಇಲ್ಲವೋ ಅಂತ ಯಾರೂ ಯಾವತ್ತೂ ಸಾಬೀತು ಮಾಡಲಾರರು. ನಡೆಯದೇ ಹೋದದ್ದಕ್ಕೆ ಸಾಕ್ಷಿ ಎಲ್ಲಿಂದ ತರುತ್ತೀರಿ?

ಮುಂದಿನ ವಾರ ಕಮಿಟಿಯವರು ಒಂದು ಅಪಾರ್ಟ್‌ಮೆಂಟಿನ ಕೆಳಗಿನ ಹಾಲಿಗೆ ನನ್ನನ್ನು ಕರೆಸಿದರು. ಎಲ್ಲರೂ ಬಹಳ ಮರ್ಯಾದೆಯಿಂದ ಮಾತಾಡಿದರು, ಗ್ರೆಗ್ಗನೊಬ್ಬನನ್ನು ಬಿಟ್ಟು. ಅವನು ನೆಲ ನೋಡುತ್ತ, "ಸ್ಕ್ಯಾನ್ ಕ್ಲೀನ್ ಇತ್ತು" ಅಂತ ಅದನ್ನೇ ಹೇಳುತ್ತಿದ್ದ. ಅವರ ತೀರ್ಮಾನ ಇಷ್ಟು: ಮುಂದಿನ ಸೀಸನ್ನಿನಿಂದ ಫಿಸಿಯೋ ಸಲಹೆ ಕೊಡಲಿ, ಕೊನೆಯ ಮಾತು ಕೋಚಿನದು. ಆ ದಿನ ಸ್ವಲ್ಪ ಅತಿ ಎಚ್ಚರಿಕೆ ಆಯಿತು ಅಂತ ನಾನು ಆಟಗಾರರ ಮುಂದೆ ಒಂದು ಮಾತು ಹೇಳಿಬಿಟ್ಟರೆ ಎಲ್ಲ ಸರಿಹೋಗುತ್ತದೆ.

"ಕೊನೇ ಮಾತು ಕೋಚಿನದಾದರೆ ಚೀಲವನ್ನೂ ಕೋಚೇ ಹೊರಲಿ" ಎಂದೆ. "ಅತಿ ಅಂತ ನಾನು ಹೇಳುವುದಿಲ್ಲ. ನಾಳೆ ಇನ್ನೊಂದು ಫೈನಲ್ ಬಂದರೂ ಅದನ್ನೇ ಮಾಡುತ್ತೇನೆ. ಬೇಡವಾದರೆ ಈಗಲೇ ಹೇಳಿ."

ಬೇಡ ಅಂತ ಅಲ್ಲಿ ಹೇಳಲಿಲ್ಲ. ಮಿಸೆಸ್ ಗೋಗೆ ಫೋನ್ ಮಾಡಿ ಹೇಳಿದರು. ಕ್ಲಬ್ಬಿನಿಂದ ಕ್ಲಿನಿಕ್ಕಿಗೆ ಸಾಕಷ್ಟು ರೋಗಿಗಳು ಬರುತ್ತಿದ್ದರು. ಮಿಸೆಸ್ ಗೋ ತಮ್ಮ ಕೋಣೆಗೆ ಕರೆದು, "ಸಾರಿ ಅಂದುಬಿಡು ಲಾ. ನಿನ್ನ ಗಂಟೇನು ಹೋಗುತ್ತೆ?" ಎಂದರು.

"ಮಾಡದ ತಪ್ಪಿಗೆ ಸಾರಿ ಅಂದರೆ ಮುಂದಿನ ಸಲ ಬೂಟಿನ ಲಾಡಿ ಬಿಚ್ಚುವಾಗ ಕೈ ನಡುಗುತ್ತದೆ ಮೇಡಂ. ಈ ಕೆಲಸಕ್ಕೆ ನನ್ನ ಹತ್ತಿರ ಇರುವುದು ಕೈ ಒಂದೇ."

ಅವರು ಡೈರಿ ತೆರೆದು, ಸೋಮವಾರದಿಂದ ಸೊಂಟದವರನ್ನೇ ನೋಡಿಕೋ ಎಂದರು. ಕ್ಲಬ್ಬಿಗೆ ಬೇರೆಯವರು ಬಂದರು. ನನ್ನನ್ನು ಮತ್ತೆ ಕರೆಯಲಿಲ್ಲ.

ಮನೆಯಲ್ಲಿ ಯಜಮಾನರು, "ಊರಿಗೆಲ್ಲಾ ಒಂದು ದಾರಿ ಆದ್ರೆ ಎಡವಟ್ಟನಿಗೇ ಒಂದು ದಾರಿ. ಬಾ, ಕಾಫಿ ಕುಡಿ" ಎಂದರು. ನಾನು ಅತ್ತುಬಿಟ್ಟೆ. ಸುಳ್ಳು ಯಾಕೆ ಹೇಳಲಿ, ಸೊಂಟದವರ ಮೇಲೆ ನನಗೇನೂ ಕೋಪವಿಲ್ಲ, ಆದರೆ ಆ ಶನಿವಾರಗಳು ನನ್ನ ಜೀವವಾಗಿದ್ದವು. ಎಷ್ಟೋ ವಾರ ಶನಿವಾರ ಬಂತೆಂದರೆ ಬೆಳಿಗ್ಗೆಯೇ ಎದ್ದು ಸುಮ್ಮನೆ ಹಾಲಿನಲ್ಲಿ ಕೂತಿರುತ್ತಿದ್ದೆ. ಆದರೂ ಒಂದು ದಿನವೂ, ಯಾಕಾದರೂ ಹಾಗೆ ಮಾಡಿದೆನೋ ಅನ್ನಿಸಲಿಲ್ಲ. ಕನ್ನಡದವರ ಹಬ್ಬದ ಊಟಗಳಲ್ಲಿ, 'ನಮ್ಮ ಹುಡುಗನ್ನ ನಮ್ಮವರೇ ಕೂರಿಸಿಬಿಟ್ರಂತೆ' ಅಂತ ಪಿಸುಗುಟ್ಟಿದರು. ನಾನು ಅವರ ಎದುರಿಗೇ ಎಲೆ ಹಾಕಿಸಿಕೊಂಡು ಎರಡು ಸಲ ಪಾಯಸ ಕೇಳಿ ಹಾಕಿಸಿಕೊಂಡು ಉಂಡೆ.

ಪ್ರಜ್ವಲ್ ನಮ್ಮ ಮನೆಗೆ ಬರುವುದು ನಿಲ್ಲಿಸಿದ. ಮಾರನೇ ವರ್ಷ ಮೊಣಕಾಲಿನ ಲಿಗಮೆಂಟ್ ಹರಿದು ಅವನ ಆಟವೇ ಮುಗಿಯಿತು. ಅವನ ಪಾಲಿಗೆ ಇದ್ದದ್ದು ಅದೊಂದೇ ಫೈನಲ್. ಅದನ್ನು ಅವನಿಂದ ಕಿತ್ತುಕೊಂಡವಳು ನಾನು. ಇದನ್ನೂ ನಾನು ಮುಚ್ಚಿಡುವುದಿಲ್ಲ.

ಎಷ್ಟೋ ವರ್ಷಗಳ ಮೇಲೆ ನಾನು ನಿವೃತ್ತಳಾದ ದಿನ ಕ್ಲಿನಿಕ್ಕಿನವರು ಪಕ್ಕದ ಹಾ‌ಕರ್ ಸೆಂಟರಿನಲ್ಲಿ, ಅಂದರೆ ತಿಂಡಿ ಅಂಗಡಿಗಳ ಸಾಲಿನಲ್ಲಿ, ಊಟ ಹಾಕಿಸಿದರು. ಎಲ್ಲರೂ ಹೊರಟ ಮೇಲೆ ಒಬ್ಬ ಬಂದು ಎದುರಿಗೆ ಕೂತ. ಮೈ ತುಂಬಿಕೊಂಡಿತ್ತು, ಕನ್ನಡಕ ಬಂದಿತ್ತು. ಯಾರೋ ಹೇಳಿದರಂತೆ, ಸೆಲೆಟಾರ್‌ನಿಂದ ನೇರ ಬಂದಿದ್ದ.

"ಹೇಗಿದೀಯೋ?" ಎಂದೆ.

"ಚೆನ್ನಾಗಿದೀನಿ. ಚೀಫ್ ಎಂಜಿನಿಯರ್ ಆದೆ. ಆದ್ರೆ ಒಂದು ಹೇಳ್ಬಿಡ್ತೀನಿ ಆಂಟಿ, ಹೇಳ್ದೆ ಹೋದ್ರೆ ನಂಗೆ ಸಮಾಧಾನ ಇಲ್ಲ. ಐ ಹ್ಯಾವ್ ನಾಟ್ ಫರ್ಗಿವನ್ ಯು."

"ಬೇಡ. ನಾನೂ ಕೇಳಿಲ್ಲ."

ಅಷ್ಟೇ ಸಾಕಾಯಿತು, ಶುರುಮಾಡಿದ. ಆ ಕೊನೆಯ ಕ್ವಾರ್ಟರನ್ನು ಮೊದಲಿಂದ ಹೇಳತೊಡಗಿದ. ಯಾರು ಯಾರಿಗೆ ಚೆಂಡು ಕೊಟ್ಟರು, ಗಾಳಿ ಯಾವ ಕಡೆಗಿತ್ತು, ಎದುರಿನ ಉದ್ದನೆಯವನು ಎಲ್ಲೆಲ್ಲಿ ಸುಸ್ತಾಗಿ ನಿಂತ, ತನ್ನ ಜಾಗದವನು ಎಲ್ಲಿ ನಿಲ್ಲಬೇಕಿತ್ತು, ಎಲ್ಲಿ ನಿಂತ. ಟೇಬಲ್ಲಿನ ಮೇಲೆ ಚಮಚ, ಕಪ್ಪು, ಸಾಸಿನ ಬಾಟಲಿ ಜೋಡಿಸಿ ತೋರಿಸಿದ. ಧ್ವನಿ ಏರಿತು, ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದರು. ಒಂದೇ ಒಂದು ಕಡೆ ತಡವರಿಸಿದ. "ಅದಕ್ಕೆ ಮುಂಚೆ ನಾನು ಮೂರನೇ ಗೋಲ್ ಹೊಡೆದೆ ಅಂತಾರೆ, ಸೂಪರ್ ಆಗಿತ್ತಂತೆ" ಎಂದು, ಬೇರೆಯವನ ಗೋಲಿನ ಮಾತು ಹೇಳುವವನ ಹಾಗೆ ಅಲ್ಲಿ ನಿಲ್ಲದೆ ಮುಂದೆ ಹೋಗಿಬಿಟ್ಟ. ಉಳಿದದ್ದರಲ್ಲಿ ಒಂದು ಒದೆತ, ಒಂದು ಹೆಸರು ತಪ್ಪಲಿಲ್ಲ. ಕಂಬಕ್ಕೆ ತಾಗಿದ ಸದ್ದಿನ ತನಕ ಬಂದು ಏದುಸಿರು ಬಿಡುತ್ತ ನಿಲ್ಲಿಸಿದ.

"ಎಲ್ಲಾ ನೆನಪಿದೆ ಆಂಟಿ ನಂಗೆ. ಒಂದೂ ಮರೆತಿಲ್ಲ."

ಅವನ ತಲೆಯನ್ನೇ ನೋಡುತ್ತಿದ್ದೆ, ನನ್ನ ಕಣ್ಣಲ್ಲಿ ನೀರು ಧಾರಾಕಾರ. ತಾನು ಬೈದದ್ದಕ್ಕೆ ಅಳುತ್ತಿದ್ದೇನೆ ಅಂದುಕೊಂಡನೋ ಏನೋ, ಗಾಬರಿಯಾಗಿ ಟಿಶ್ಯೂ ಹುಡುಕಿದ. ನಾನು ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡೆ.

"ಇನ್ನೊಂದ್ಸಲ ಹೇಳು" ಎಂದೆ. "ಮೊದಲಿಂದ ಹೇಳು."